ಹಿನ್ನೆಲೆಯಲ್ಲಿ ತಾನಾಗಿ ಅಪ್‌ಡೇಟ್ ಆಗುವ ಆ್ಯಪ್‌ಗಳು: ಮಧ್ಯಾಹ್ನದ ಬುತ್ತಿಗೆ ಮೊದಲೇ ಚಾರ್ಜ್ ಮುಗಿಯುತ್ತಿದೆ

ಮಸಾರಿ ಹೊಲ (ಶಿರಹಟ್ಟಿ ತಾಲೂಕು) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನವನು. ಮುಂಗಾರು ಮತ್ತು ಹಿಂಗಾರು ಎರಡೂ ಹಂಗಾಮಿನಲ್ಲಿ ನಮ್ಮೂರು ಹಾಗೂ ಪಕ್ಕದ ಎರಡು ಊರುಗಳ ಬೆಳೆ ಸಮೀಕ್ಷೆ ಮಾಡುತ್ತೇನೆ. ಪ್ರತಿಯೊಂದು ಸರ್ವೆ ನಂಬರಿನ ಹೊಲಕ್ಕೆ ನಡೆದು ಹೋಗಿ, ಬದು ದಾಟಿ ಬೆಳೆಯೊಳಗೆ ನಿಂತು, ಜಿಪಿಎಸ್ ಕೂಡುವವರೆಗೆ ಕಾದು, ಶೇಂಗಾ, ಗೋವಿನಜೋಳ, ಹತ್ತಿ, ಏನಿದೆಯೋ ಅದರ ಚಿತ್ರ ತೆಗೆದು ಮೊಬೈಲಿನಲ್ಲಿ ದಾಖಲಿಸಬೇಕು. ಹೊಲದಲ್ಲಿ ಚಾರ್ಜ್ ಮಾಡಿಕೊಳ್ಳಲು ಯಾವ ಅನುಕೂಲವೂ ಇರುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನನ್ನದು ಆಂಡ್ರಾಯ್ಡ್ 13 ಇರುವ, 5000 ಎಂಎಎಚ್ ಬ್ಯಾಟರಿಯ ಫೋನು. ಕೊಂಡು ಎರಡು ವರ್ಷವಾಯಿತು. ಬೆಳಿಗ್ಗೆ 8 ಗಂಟೆಗೆ ಪೂರ್ತಿ ಚಾರ್ಜ್ ಮಾಡಿಕೊಂಡು ಮನೆ ಬಿಟ್ಟರೆ ಮಧ್ಯಾಹ್ನ 1 ಗಂಟೆಯ ಹೊತ್ತಿಗೆ ಶೇ 25 ಉಳಿದಿರುತ್ತದೆ. ಬುತ್ತಿ ಬಿಚ್ಚಿ ಫೋನ್ ತೆಗೆದು ನೋಡಿದರೆ ಇಂತಿಷ್ಟು ಆ್ಯಪ್‌ಗಳು ಅಪ್‌ಡೇಟ್ ಆಗಿವೆ ಎಂಬ ಸೂಚನೆ ಬಂದಿರುತ್ತದೆ. ನಾನು ಕೇಳದೆ, ನನ್ನ ಡೇಟಾ ಮತ್ತು ನನ್ನ ಚಾರ್ಜ್ ಬಳಸಿ ಇವು ಹೊಸದಾಗುವುದೇಕೆ?

ಇಷ್ಟರಲ್ಲಿ ನಾನು ಮಾಡಿದ್ದು ಇದು. ಪ್ಲೇ ಸ್ಟೋರ್‌ನಲ್ಲಿ ಆಟೋ ಅಪ್‌ಡೇಟ್ ಬಂದ್ ಮಾಡಿದೆ, ಆದರೂ ಕೆಲವು ಆ್ಯಪ್‌ಗಳು ಅಪ್‌ಡೇಟ್ ಆಗುತ್ತಲೇ ಇವೆ. ಹತ್ತು ನಿಮಿಷಕ್ಕೊಮ್ಮೆ ತೆರೆದ ಆ್ಯಪ್‌ಗಳನ್ನೆಲ್ಲ ಸರಿಸಿ ತೆಗೆಯುತ್ತೇನೆ. ಬ್ಯಾಟರಿ ಉಳಿಸುತ್ತದೆ ಎಂದು ಹೇಳಿಕೊಳ್ಳುವ ಒಂದು ಆ್ಯಪ್ ಹಾಕಿಕೊಂಡೆ. ವಿಡಿಯೋ ಒಂದನ್ನು ನೋಡಿ ಡೆವಲಪರ್ ಆಪ್ಷನ್ಸ್ ಒಳಗೆ ಹೋಗಿ ಹಿನ್ನೆಲೆ ಪ್ರಕ್ರಿಯೆಗಳ ಮಿತಿಯನ್ನು ಸೊನ್ನೆಗೆ ಇಳಿಸಿದೆ. ಅದರಿಂದ ಸಮೀಕ್ಷೆಯ ಆ್ಯಪ್ ನಡುನಡುವೆ ಮುಚ್ಚಿಕೊಂಡು ತುಂಬಿದ್ದನ್ನು ಮತ್ತೆ ತುಂಬುವಂತಾಯಿತೇ ಹೊರತು ಚಾರ್ಜ್ ಉಳಿಯಲಿಲ್ಲ. ತಿಳಿದವರು ದಾರಿ ತೋರಿಸಬೇಕು.

ಸಪ್ತಾಪುರ (ಧಾರವಾಡ) ಬರೆದ ಉತ್ತರ:

ನಮಸ್ಕಾರ ಸರ್. ನಾನು ಆಂಡ್ರಾಯ್ಡ್ ಆ್ಯಪ್‌ಗಳನ್ನು ಬರೆಯುವ ಕೆಲಸದಲ್ಲಿದ್ದೇನೆ, ಹಾಗಾಗಿ ತಪ್ಪು ಮಾಡುವವರ ಪಕ್ಷದಿಂದಲೇ ಉತ್ತರ ಬರುತ್ತಿದೆ ಎಂದು ತಿಳಿಯಿರಿ.

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಸಂಗತಿಗಳು ಒಂದಾಗಿ ಸೇರಿಕೊಂಡಿವೆ. ಅಪ್‌ಡೇಟ್ ಎಂದರೆ ಆ್ಯಪ್‌ನ ಹೊಸ ಆವೃತ್ತಿಯನ್ನು ಇಳಿಸಿಕೊಂಡು ಹಳೆಯದರ ಜಾಗದಲ್ಲಿ ಕೂರಿಸುವುದು. ಇದನ್ನು ಮಾಡುವುದು ಸ್ಟೋರ್. ಹಿನ್ನೆಲೆ ಚಟುವಟಿಕೆ ಎಂದರೆ ಫೋನು ನಿಮ್ಮ ಜೇಬಿನಲ್ಲಿ ಇರುವಾಗ ಆ್ಯಪ್ ತಾನೇ ಎದ್ದು ಸುದ್ದಿ, ಹವಾಮಾನ, ಜಾಹೀರಾತು ತಂದುಕೊಂಡು ಮತ್ತೆ ಮಲಗುವುದು. ಇದನ್ನು ಮಾಡುವುದು ಆ್ಯಪ್. ಮೊದಲನೆಯದು ವಾರಕ್ಕೆ ಒಂದೆರಡು ಸಲ ನಡೆಯುತ್ತದೆ, ಎರಡನೆಯದು ದಿನಕ್ಕೆ ನೂರು ಸಲ ನಡೆದರೂ ಆಶ್ಚರ್ಯವಿಲ್ಲ. ನೀವು ಮೊದಲನೆಯದಕ್ಕೆ ಬೀಗ ಹಾಕಿ, ಎರಡನೆಯದು ನಿಲ್ಲಲಿಲ್ಲವಲ್ಲ ಎಂದು ಬೇಸರಪಡುತ್ತಿದ್ದೀರಿ.

ಅಪ್‌ಡೇಟ್ ವಿಷಯವನ್ನು ಮೊದಲು ಮುಗಿಸುತ್ತೇನೆ. ಪ್ಲೇ ಸ್ಟೋರ್‌ನ ಸ್ವಯಂಚಾಲಿತ ಅಪ್‌ಡೇಟ್ ಸಾಮಾನ್ಯವಾಗಿ ಫೋನು ವೈಫೈಗೆ ಸೇರಿರುವಾಗ, ಚಾರ್ಜಿಗೆ ಹಾಕಿರುವಾಗ ಮತ್ತು ಯಾರೂ ಅದನ್ನು ಬಳಸದೆ ಇರುವಾಗ ನಡೆಯುವಂತೆ ರೂಪಿಸಿದ್ದಾರೆ, ಅಂದರೆ ರಾತ್ರಿ ನೀವು ಮಲಗಿದಾಗ. ಹಾಗಿದ್ದೂ ನಿಮಗೆ ಅದು ಬುತ್ತಿಯ ಹೊತ್ತಿಗೆ ನಡೆಯುತ್ತಿದೆ ಎಂದರೆ, ನೀವು ಆಗ ಪವರ್ ಬ್ಯಾಂಕಿಗೆ ಹಾಕಿ, ಜೊತೆಗಾರರ ಹಾಟ್‌ಸ್ಪಾಟ್‌ಗೆ ಸೇರಿಸಿ, ಫೋನನ್ನು ಪಕ್ಕಕ್ಕಿಟ್ಟು ಊಟಕ್ಕೆ ಕೂರುತ್ತೀರಾ ಎಂದು ನನಗೆ ಅನುಮಾನ. ಬೇವಿನ ಗಿಡದ ನೆರಳು ಯಾವುದು, ಮನೆಯ ಕೋಣೆ ಯಾವುದು ಎಂದು ಫೋನಿಗೆ ತಿಳಿಯದು. ವೈಫೈ ಇದೆ, ಚಾರ್ಜ್ ಇದೆ, ಯಜಮಾನರು ಮುಟ್ಟುತ್ತಿಲ್ಲ ಎಂದಷ್ಟೇ ಅದು ಲೆಕ್ಕ ಹಾಕುತ್ತದೆ. ವೈಫೈ ಸೆಟ್ಟಿಂಗ್ಸ್‌ನಲ್ಲಿ ಆ ಹಾಟ್‌ಸ್ಪಾಟ್‌ನ ಹೆಸರನ್ನು ಒತ್ತಿ, ಅದನ್ನು ಮೀಟರ್ಡ್ (ಡೇಟಾಕ್ಕೆ ಮಿತಿ ಇರುವ ಜಾಲ) ಎಂದು ಗುರುತಿಸಿಟ್ಟರೆ, ಮಿತಿಯಿಲ್ಲದ ಜಾಲಕ್ಕಾಗಿ ಕಾಯುತ್ತಿರುವ ಕೆಲಸಗಳು ಅಲ್ಲಿ ಶುರುವಾಗುವುದಿಲ್ಲ.

ಆದರೆ ಆಟೋ ಅಪ್‌ಡೇಟ್ ಅನ್ನು ಪೂರ್ತಿ ಬಂದ್ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಬ್ಯಾಂಕು, ಯುಪಿಐ, ಬ್ರೌಸರ್‌ನಂಥ ಆ್ಯಪ್‌ಗಳ ಸುರಕ್ಷೆಯ ದೋಷಗಳನ್ನು ಸರಿಪಡಿಸುವುದು ಅಪ್‌ಡೇಟ್ ಮೂಲಕವೇ. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ: 2016ರಲ್ಲಿ ಗೂಗಲ್ ಪ್ಲೇ ಸ್ಟೋರ್‌ಗೆ ಒಂದು ಹೊಸ ತೇಪೆ ವಿಧಾನ ತಂದಿತು, ಅದರಲ್ಲಿ ಹಳೆಯ ಮತ್ತು ಹೊಸ ಆವೃತ್ತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಕಳಿಸುವುದರಿಂದ ಇಳಿಸಬೇಕಾದ ಗಾತ್ರ ಪೂರ್ತಿ ಆ್ಯಪ್‌ಗಿಂತ ಸರಾಸರಿ ಶೇ 65ರಷ್ಟು ಕಡಿಮೆಯಾಗುತ್ತದೆ ಎಂದು ಅವರು ತಿಳಿಸಿದ್ದರು. ತೇಪೆಯನ್ನು ಜೋಡಿಸಲು ಪ್ರೊಸೆಸರ್ ಹೆಚ್ಚು ದುಡಿಯಬೇಕಾದ ಕಾರಣ ಆಗ ಅದನ್ನು ಸ್ವಯಂಚಾಲಿತ ಅಪ್‌ಡೇಟ್‌ಗಳಿಗೆ ಮಾತ್ರ ಸೀಮಿತಗೊಳಿಸಿದ್ದರು. ಆದ್ದರಿಂದ ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ಸೆಟ್ಟಿಂಗ್ಸ್, ನೆಟ್‌ವರ್ಕ್ ಪ್ರಿಫರೆನ್ಸಸ್, ಆಟೋ ಅಪ್‌ಡೇಟ್ ಆ್ಯಪ್ಸ್ ಎಂಬಲ್ಲಿಗೆ ಹೋಗಿ ವೈಫೈ ಮಾತ್ರ ಎಂದು ಇಟ್ಟುಬಿಡಿ. ಯಾವುದೋ ಒಂದು ಆ್ಯಪ್ ಮಾತ್ರ ಬೇಡವಾದರೆ ಸ್ಟೋರ್‌ನಲ್ಲಿ ಆ ಆ್ಯಪ್‌ನ ಪುಟ ತೆರೆದು ಮೇಲಿನ ಮೂರು ಚುಕ್ಕೆ ಒತ್ತಿ ಅದರೊಂದರ ಆಟೋ ಅಪ್‌ಡೇಟ್ ಗುರುತನ್ನು ತೆಗೆಯಬಹುದು.

ಈಗ ಎರಡನೆಯದು, ಚಾರ್ಜ್ ನಿಜವಾಗಿ ಹೋಗುವ ಜಾಗ. 2015ರ ಆಂಡ್ರಾಯ್ಡ್ 6ರಿಂದ ಡೋಜ್ ಎಂಬ ವ್ಯವಸ್ಥೆ ಇದೆ. ಪರದೆ ಆರಿ, ಚಾರ್ಜರ್ ಇಲ್ಲದೆ, ಫೋನು ಅಲುಗಾಡದೆ ಒಂದಷ್ಟು ಹೊತ್ತು ಬಿದ್ದಿದ್ದರೆ ಆ್ಯಪ್‌ಗಳ ಜಾಲ ಮತ್ತು ಕೆಲಸ ಎರಡನ್ನೂ ಅದು ತಡೆಹಿಡಿದು, ನಡುನಡುವೆ ಸಣ್ಣ ಕಿಂಡಿ ತೆರೆದು ಎಲ್ಲರ ಕೆಲಸವನ್ನೂ ಒಟ್ಟಿಗೆ ಮಾಡಿಸುತ್ತದೆ. ನೀವು ದಿನವಿಡೀ ನಡೆಯುವವರು, ಐದೈದು ನಿಮಿಷಕ್ಕೆ ಪರದೆ ಹಚ್ಚುವವರು. ಜೇಬಿನಲ್ಲಿದ್ದಾಗಲೂ ಕೆಲಸ ಮಾಡುವ ಹಗುರ ಡೋಜ್ 2016ರ ಆಂಡ್ರಾಯ್ಡ್ 7ರಲ್ಲಿ ಬಂದಿದೆಯಾದರೂ ಗಾಢ ನಿದ್ರೆ ನಿಮ್ಮ ಫೋನಿಗೆ ಹಗಲಿನಲ್ಲಿ ಸಿಗುವುದೇ ಇಲ್ಲ. ಒಂದು ಆ್ಯಪ್ ನಿಯತವಾಗಿ ಏಳಲು ಕೇಳಬಹುದಾದ ಕನಿಷ್ಠ ಅಂತರ 15 ನಿಮಿಷ. ಇಂಥ ಇಪ್ಪತ್ತು ಆ್ಯಪ್‌ಗಳು ಒಟ್ಟಾದರೆ ಏನಾಗುತ್ತದೆ ಎಂದು ಊಹಿಸಿಕೊಳ್ಳಿ.

ಹಾಗೆಂದು ಎಲ್ಲವನ್ನೂ ಕಟ್ಟಿಹಾಕಬೇಡಿ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ, ಅದರೊಳಗೆ ಬ್ಯಾಟರಿ ಬಳಕೆ ತೆರೆದು, ಕೆಲಸದ ದಿನವೊಂದರ ಮಧ್ಯಾಹ್ನ ಪಟ್ಟಿ ನೋಡಿ. ಪ್ರತಿಯೊಂದು ಆ್ಯಪ್‌ನ ಹೆಸರು ಒತ್ತಿದರೆ ಪರದೆಯ ಮೇಲೆ ಎಷ್ಟು ಹೊತ್ತು, ಹಿನ್ನೆಲೆಯಲ್ಲಿ ಎಷ್ಟು ಹೊತ್ತು ಎಂದು ಬೇರೆ ಬೇರೆ ತೋರಿಸುತ್ತದೆ. ನೀವು ಮುಟ್ಟದೇ ಇದ್ದ ಆ್ಯಪ್ ಹಿನ್ನೆಲೆಯಲ್ಲಿ ಗಂಟೆಗಟ್ಟಲೆ ಓಡಿದ್ದರೆ ಅದೇ ಕಳ್ಳ. ಅದರ ಬ್ಯಾಟರಿ ಆಯ್ಕೆಯಲ್ಲಿ ರಿಸ್ಟ್ರಿಕ್ಟೆಡ್ (ಹಿನ್ನೆಲೆ ಕೆಲಸಕ್ಕೆ ನಿರ್ಬಂಧ) ಎಂದು ಇಡಿ, ಮೊಬೈಲ್ ಡೇಟಾ ಆಯ್ಕೆಯಲ್ಲಿ ಬ್ಯಾಕ್‌ಗ್ರೌಂಡ್ ಡೇಟಾ ಬಂದ್ ಮಾಡಿ.

ತೆರೆದ ಆ್ಯಪ್‌ಗಳನ್ನು ಸರಿಸಿ ತೆಗೆಯುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಫೋನಿನ ಮೆಮೊರಿಯಲ್ಲಿ ಸುಮ್ಮನೆ ಕುಳಿತ ಆ್ಯಪ್ ಚಾರ್ಜ್ ತಿನ್ನುವುದಿಲ್ಲ. ಅದನ್ನು ಕೊಂದು ಮತ್ತೆ ಮೊದಲಿನಿಂದ ಎಬ್ಬಿಸುವುದು ತಿನ್ನುತ್ತದೆ. ಬ್ಯಾಟರಿ ಉಳಿಸುವ ಆ್ಯಪ್ ತಾನೇ ಹಿನ್ನೆಲೆಯಲ್ಲಿ ಸದಾ ಎಚ್ಚರವಿದ್ದು, ಉಳಿದವರನ್ನು ಕೊಲ್ಲುತ್ತ, ನಡುವೆ ಜಾಹೀರಾತು ತೋರಿಸುತ್ತದೆ, ಅದನ್ನು ಇಂದೇ ತೆಗೆಯಿರಿ. ಡೆವಲಪರ್ ಆಪ್ಷನ್ಸ್‌ನ ಆ ಮಿತಿ ನಮ್ಮಂಥವರು ಪರೀಕ್ಷೆ ಮಾಡಲು ಇರುವಂಥದ್ದು. ಫೋನ್ ಒಮ್ಮೆ ಆರಿಸಿ ಹಚ್ಚಿದರೆ ಮೊದಲಿನ ಸ್ಥಿತಿಗೆ ಬರುತ್ತದೆ.

ರಿಪೇರಿ ಮೇಜು (ಹುಬ್ಬಳ್ಳಿ) ಬರೆದ ಉತ್ತರ:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಪ್ಲೇ ಸ್ಟೋರ್‌ನಲ್ಲಿ ಬಂದ್ ಮಾಡಿದರೂ ಅಪ್‌ಡೇಟ್ ಏಕೆ ನಿಲ್ಲಲಿಲ್ಲ ಎಂಬುದಕ್ಕೆ ಉತ್ತರ ಬರಲಿಲ್ಲ. ಬಹಳಷ್ಟು ಫೋನುಗಳಲ್ಲಿ ಎರಡು ಸ್ಟೋರ್ ಇರುತ್ತವೆ. ಸ್ಯಾಮ್‌ಸಂಗ್‌ನಲ್ಲಿ ಗ್ಯಾಲಕ್ಸಿ ಸ್ಟೋರ್ ಇದೆ, ಶಿಯೋಮಿಯಲ್ಲಿ ಗೆಟ್‌ಆ್ಯಪ್ಸ್ ಇತ್ತು. ಉಳಿದ ಕಂಪನಿಗಳವೂ ತಮ್ಮ ತಮ್ಮ ಹೆಸರಿನಲ್ಲಿ ಇವೆ. ಅದರ ಆಟೋ ಅಪ್‌ಡೇಟ್ ಆಯ್ಕೆ ಬೇರೆಯೇ ಇದ್ದು, ಅದನ್ನು ಬೇರೆಯಾಗಿಯೇ ಬಂದ್ ಮಾಡಬೇಕು. ನಮ್ಮ ಅಂಗಡಿಗೆ ಈ ದೂರು ತರುವವರಲ್ಲಿ ಹೆಚ್ಚಿನವರು ಆ ಎರಡನೆಯ ಸ್ಟೋರನ್ನು ಒಮ್ಮೆಯೂ ತೆರೆದು ನೋಡಿರುವುದಿಲ್ಲ. ಗೂಗಲ್ ಪ್ಲೇ ಸರ್ವಿಸಸ್ ಎಂಬುದೊಂದು ಮಾತ್ರ ಏನು ಮಾಡಿದರೂ ತಾನಾಗಿ ಅಪ್‌ಡೇಟ್ ಆಗುತ್ತದೆ, ಅದರ ತಂಟೆಗೆ ಹೋಗಬೇಡಿ.

ಇನ್ನು ಬ್ಯಾಟರಿಯ ವಯಸ್ಸು. ಫೋನಿನ ಲಿಥಿಯಂ ಅಯಾನ್ ಬ್ಯಾಟರಿಗಳಲ್ಲಿ ಬಹಳಷ್ಟನ್ನು ಸುಮಾರು 500 ಪೂರ್ಣ ಚಾರ್ಜ್‌ಗಳ ನಂತರ ಮೂಲ ಸಾಮರ್ಥ್ಯದ ಶೇ 80 ಉಳಿಯುವ ಲೆಕ್ಕದಲ್ಲಿ ತಯಾರಿಸಿರುತ್ತಾರೆ. ದಿನವೂ ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬುವ ನಿಮ್ಮಂಥವರಿಗೆ ಎರಡು ವರ್ಷ ಎಂದರೆ 700 ದಾಟಿತು. ಪರದೆ ಶೇ 100 ಎಂದು ತೋರಿಸಿದರೂ ಅದು ಇಂದಿನ ನೂರು, ಕೊಂಡ ದಿನದ ನೂರಲ್ಲ, ಕೊಡವೇ ಸಣ್ಣದಾಗಿದೆ. ಅದರ ಮೇಲೆ ಬಿಸಿಲು. ಹೊಲದಲ್ಲಿ ಪರದೆ ಕಾಣಿಸಲೆಂದು ಬೆಳಕನ್ನು ಪೂರ್ತಿ ಏರಿಸುತ್ತೀರಿ, ಫೋನು ಕಾದು ಕೆಂಡವಾಗುತ್ತದೆ, ಬ್ಯಾಟರಿ ಇನ್ನಷ್ಟು ಬೇಗ ಮುಪ್ಪಾಗುತ್ತದೆ. ಹಿಂಬದಿಯ ಮುಚ್ಚಳ ಎಲ್ಲಾದರೂ ಉಬ್ಬಿದಂತೆ ಕಂಡರೆ ಬೇರೆ ಯಾವ ಪ್ರಯೋಗವನ್ನೂ ಮಾಡದೆ ಬ್ಯಾಟರಿ ಬದಲಿಸಿರಿ.

ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಒಂದು ರಾತ್ರಿ ಏರೋಪ್ಲೇನ್ ಮೋಡ್‌ನಲ್ಲಿಟ್ಟು ಮಲಗಿ, ಬೆಳಿಗ್ಗೆ ಎಷ್ಟು ಇಳಿದಿದೆ ಎಂದು ಬರೆದಿಡಿ. ಮರುದಿನ ರಾತ್ರಿ ಸಿಮ್, ಡೇಟಾ ಎಲ್ಲ ಹಚ್ಚಿಟ್ಟು ಮಲಗಿ. ಮೊದಲ ರಾತ್ರಿ ಎರಡು ಮೂರು ಅಂಶ ಇಳಿದು ಎರಡನೆಯ ರಾತ್ರಿ ಹದಿನೈದು ಇಳಿದರೆ ತಪ್ಪು ಬ್ಯಾಟರಿಯದಲ್ಲ, ನೆಟ್‌ವರ್ಕ್ ಅಥವಾ ಆ್ಯಪ್‌ನದು. ಎರಡೂ ರಾತ್ರಿ ಒಂದೇ ಬಗೆಯಲ್ಲಿ ಬಹಳ ಇಳಿದರೆ ಅಂಗಡಿಗೆ ಬನ್ನಿ.

ಮಸಾರಿ ಹೊಲ (ಶಿರಹಟ್ಟಿ ತಾಲೂಕು) ಮತ್ತೆ ಬರೆದದ್ದು:

ಇಬ್ಬರಿಗೂ ಧನ್ಯವಾದಗಳು. ಹಾಟ್‌ಸ್ಪಾಟ್ ವಿಷಯದಲ್ಲಿ ಸಪ್ತಾಪುರದ ಸರ್ ಹೇಳಿದ್ದು ನಮ್ಮ ಜೊತೆಗೇ ಕುಳಿತು ನೋಡಿದಂತಿದೆ. ಮಧ್ಯಾಹ್ನ ನಾವಿಬ್ಬರು ಸಮೀಕ್ಷೆಯವರು ಒಂದೇ ಗಿಡದ ಕೆಳಗೆ ಕೂರುತ್ತೇವೆ. ಅವನ ಸಿಮ್‌ಗೆ ಅಲ್ಲಿ ನೆಟ್‌ವರ್ಕ್ ಚೆನ್ನಾಗಿ ಬರುವುದರಿಂದ ಬೆಳಗಿನ ಚಿತ್ರಗಳನ್ನು ಅವನ ಹಾಟ್‌ಸ್ಪಾಟ್‌ನಿಂದಲೇ ಕಳಿಸುತ್ತೇನೆ, ಪವರ್ ಬ್ಯಾಂಕೂ ಅವನದೇ. ಎರಡನೆಯ ಸ್ಟೋರ್ ಕೂಡ ಇತ್ತು. ಅದನ್ನು ನಾನು ಆಟಗಳ ಜಾಹೀರಾತು ಎಂದುಕೊಂಡಿದ್ದೆ. ಅದರಲ್ಲಿ ಆಟೋ ಅಪ್‌ಡೇಟ್ ಬಂದ್ ಮಾಡಿದ ಮೇಲೆ ಆ ಸೂಚನೆ ಬಂದಿಲ್ಲ.

ಏರೋಪ್ಲೇನ್ ರಾತ್ರಿ 3 ಅಂಶ ಇಳಿಯಿತು, ಮಾಮೂಲಿ ರಾತ್ರಿ 14. ನಿನ್ನೆ ಮಧ್ಯಾಹ್ನ ನೋಡಿದ ಬ್ಯಾಟರಿ ಬಳಕೆಯ ಪಟ್ಟಿ ಹೀಗಿತ್ತು: ಸಮೀಕ್ಷೆಯ ಆ್ಯಪ್ ಶೇ 31, ಮೊಬೈಲ್ ನೆಟ್‌ವರ್ಕ್ ಶೇ 22, ಹವಾಮಾನದ ಆ್ಯಪ್ ಶೇ 12, ವಾಟ್ಸ್‌ಆ್ಯಪ್ ಶೇ 9, ಉಳಿದವು ಚಿಲ್ಲರೆ. ಸಮೀಕ್ಷೆಯದು ನಾನೇ ಬಳಸಿದ್ದು, ಅದಕ್ಕೆ ತಕರಾರಿಲ್ಲ. ಹವಾಮಾನದ್ದು ನೋಡಿ ಗಾಬರಿಯಾಯಿತು. ಮಳೆ ಯಾವಾಗ ಬರುತ್ತದೆ ಎಂದು ತಿಳಿಯಲು ಹಾಕಿಕೊಂಡಿದ್ದೆ. ಪರದೆಯ ಮೇಲೆ ಅದನ್ನು ಒಂದು ನಿಮಿಷವೂ ತೆರೆದಿಲ್ಲ, ಹಿನ್ನೆಲೆಯಲ್ಲಿ 4 ಗಂಟೆ 10 ನಿಮಿಷ ಓಡಿದೆ. ಅದನ್ನು ರಿಸ್ಟ್ರಿಕ್ಟೆಡ್ ಮಾಡಿದ್ದೇನೆ.

ನನಗೆ ಅರ್ಥವಾಗದೆ ಉಳಿದದ್ದು ಆ ಶೇ 22. ಮೊಬೈಲ್ ನೆಟ್‌ವರ್ಕ್ ಎಂಬುದು ಯಾವ ಆ್ಯಪ್ ಕೂಡ ಅಲ್ಲವಲ್ಲ, ಅದನ್ನು ನಿರ್ಬಂಧಿಸುವುದು ಹೇಗೆ? ನಾನು ಈಗ ಕೆಲಸ ಮಾಡುತ್ತಿರುವುದು ಕಡಕೋಳದ ಕಡೆ, ಕಪ್ಪತಗುಡ್ಡದ ಬುಡದಲ್ಲಿ. ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವಷ್ಟು ಚೆನ್ನಾಗಿ ಅಲ್ಲಿ ಸಿಗ್ನಲ್ ಕಡ್ಡಿಗಳು ಕಾಣುವುದಿಲ್ಲ.

ಕೆಂಪು ಮೆಣಸಿನಕಾಯಿ (ಬ್ಯಾಡಗಿ) ಬರೆದ ಉತ್ತರ:

ತಮ್ಮಾ, ನಿಮ್ಮ ಪಟ್ಟಿಯಲ್ಲಿ ಇನ್ನೇನನ್ನಾದರೂ ರಿಸ್ಟ್ರಿಕ್ಟೆಡ್ ಮಾಡುವ ಮೊದಲು ನನ್ನ ಕಥೆಯನ್ನು ಕೇಳಿ. ನಾನು ಮನೆಯಲ್ಲಿಯೇ ಮೆಣಸಿನ ಪುಡಿ ಮತ್ತು ಮಸಾಲೆ ಮಾಡಿ ಮಾರುತ್ತೇನೆ. ಹಂಗಾಮಿನ ದಿನಗಳಲ್ಲಿ ಗಿರಾಕಿ ಹೆಚ್ಚು, ಸಂಜೆಗೆ ಮೊದಲೇ ಫೋನ್ ಸತ್ತು ಹೋಗುತ್ತಿತ್ತು. ಮಗ ಒಂದು ಭಾನುವಾರ ಕುಳಿತು ಇದ್ದಬದ್ದ ಆ್ಯಪ್‌ಗಳನ್ನೆಲ್ಲ ರಿಸ್ಟ್ರಿಕ್ಟೆಡ್ ಮಾಡಿಕೊಟ್ಟ. ಚಾರ್ಜ್ ರಾತ್ರಿಯವರೆಗೂ ನಿಂತಿತು, ಅದನ್ನು ಒಪ್ಪುತ್ತೇನೆ.

ಆದರೆ ಸೋಮವಾರದಿಂದ ಹಣ ಬಂತು ಎಂದು ಫೋನು ಕೂಗಿ ಹೇಳುತ್ತಿದ್ದ ಧ್ವನಿ ನಿಂತುಹೋಯಿತು. ನಮ್ಮಲ್ಲಿ ಬೇರೆ ಸೌಂಡ್ ಬಾಕ್ಸ್ ಇಲ್ಲ, ಫೋನೇ ಕೂಗಬೇಕು. ಗಿರಾಕಿ ಹಣ ಹಾಕಿದ್ದೇನೆ ಎನ್ನುತ್ತಾರೆ, ನನ್ನ ಫೋನು ಮೌನ. ಕೈಯೆಲ್ಲ ಖಾರದ ಪುಡಿ, ಅದರಲ್ಲಿಯೇ ಫೋನ್ ಮುಟ್ಟಿ ಆ್ಯಪ್ ತೆರೆದು ನೋಡಬೇಕು, ಆಮೇಲೆ ಮರೆತು ಕಣ್ಣಿಗೆ ಕೈ ಹೋದರೆ ಮುಗಿಯಿತು. ನಾಲ್ಕು ದಿನ ನಾನು ಆ ಪಾವತಿ ಆ್ಯಪ್‌ನವರನ್ನು ಬೈದೆ, ಅವರ ಸಹಾಯವಾಣಿಗೂ ಫೋನ್ ಮಾಡಿದೆ. ಕೊನೆಗೆ ತಿಳಿದದ್ದು ತಪ್ಪು ನಮ್ಮ ಮನೆಯದೇ ಎಂದು. ಈಗ ಆ ಒಂದು ಆ್ಯಪ್‌ಗೆ ಮಾತ್ರ ಅನ್‌ರಿಸ್ಟ್ರಿಕ್ಟೆಡ್ ಎಂದಿಟ್ಟಿದ್ದೇನೆ. ಕಾಯಬೇಕಾದ ನಾಯಿಯನ್ನು ಕಟ್ಟಿಹಾಕಿ ಕಳ್ಳ ಬಂದಾಗ ಬೊಗಳಲಿಲ್ಲ ಎಂದರೆ ಹೇಗೆ?

ಇನ್ನೊಂದು. ವಾಟ್ಸ್‌ಆ್ಯಪ್ ಶೇ 9 ತಿನ್ನುತ್ತಿದ್ದರೆ ಅದನ್ನು ನಿರ್ಬಂಧಿಸಬೇಡಿ, ಸಂದೇಶಗಳು ತಡವಾಗಿ ಬರುತ್ತವೆ. ಅದರ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಆ್ಯಂಡ್ ಡೇಟಾ ಎಂಬಲ್ಲಿ ಚಿತ್ರ, ಧ್ವನಿ, ವಿಡಿಯೋ ಮೊಬೈಲ್ ಡೇಟಾದಲ್ಲಿ ತಾನಾಗಿ ಇಳಿಯುವುದನ್ನು ಬಂದ್ ಮಾಡಿ. ಬೆಳಗಿನ ಶುಭೋದಯದ ಚಿತ್ರಗಳೇ ಸಾಕು, ಅರ್ಧ ಚಾರ್ಜ್ ಮುಗಿಸಲು.

ಕೋಚಿಂಗ್ ವಿದ್ಯಾರ್ಥಿ (ಧಾರವಾಡ) ಬರೆದ ಉತ್ತರ:

ಐಫೋನ್ ಇರುವವರೂ ಇದನ್ನು ಓದಬಹುದೆಂದು ಬರೆಯುತ್ತಿದ್ದೇನೆ. ಅಲ್ಲಿ ಸೆಟ್ಟಿಂಗ್ಸ್, ಜನರಲ್, ಬ್ಯಾಕ್‌ಗ್ರೌಂಡ್ ಆ್ಯಪ್ ರಿಫ್ರೆಶ್ ಎಂಬಲ್ಲಿ ಪ್ರತಿ ಆ್ಯಪ್‌ಗೂ ಬೇರೆ ಬೇರೆ ಗುಂಡಿ ಇದೆ. ಅಪ್‌ಡೇಟ್ ಆಯ್ಕೆ ಆ್ಯಪ್ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿದೆ. ಲೋ ಪವರ್ ಮೋಡ್ ಹಚ್ಚಿದರೆ ಬ್ಯಾಕ್‌ಗ್ರೌಂಡ್ ರಿಫ್ರೆಶ್ ತಾತ್ಕಾಲಿಕವಾಗಿ ನಿಲ್ಲುತ್ತದೆ. ನಾನು ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಓಡಾಡುವವನು, ನನಗೆ ಇಷ್ಟೇ ಸಾಕಾಗಿದೆ.

ಸಪ್ತಾಪುರ (ಧಾರವಾಡ) ಮತ್ತೆ ಬರೆದದ್ದು:

ಬ್ಯಾಡಗಿಯ ಅಕ್ಕಾವರು ಹೇಳಿದ್ದನ್ನು ನಾನೇ ಮೊದಲು ಹೇಳಬೇಕಿತ್ತು. ಸಾಮಾನ್ಯವಾಗಿ ಆ್ಯಪ್‌ಗಳಿಗೆ ಬರುವ ಸೂಚನೆಗಳೆಲ್ಲ ಗೂಗಲ್‌ನ ಒಂದೇ ಸಂಪರ್ಕದ ಮೂಲಕ ಬರುತ್ತವೆ, ಅದರಿಂದ ಹೆಚ್ಚು ಚಾರ್ಜ್ ಹೋಗುವುದಿಲ್ಲ; ಆದರೆ ಸೂಚನೆ ಬಂದಾಗ ಎದ್ದು ಮಾತನಾಡಲು ಆ್ಯಪ್‌ಗೆ ಅವಕಾಶ ಬೇಕು.

ಮಸಾರಿ ಹೊಲದ ಸರ್, ನಿಮ್ಮ ಶೇ 22ಕ್ಕೆ ಬರುತ್ತೇನೆ. ಅದು ಆ್ಯಪ್ ಅಲ್ಲ, ಫೋನಿನ ರೇಡಿಯೋ. ಟವರ್ ದೂರವಾದಷ್ಟೂ ಫೋನು ತನ್ನ ಪ್ರಸಾರದ ಶಕ್ತಿಯನ್ನು ಏರಿಸುತ್ತದೆ, ಸಿಗ್ನಲ್ ಪೂರ್ತಿ ಹೋದರೆ ಮತ್ತೆ ಮತ್ತೆ ಹುಡುಕುತ್ತದೆ. ಎರಡು ಸಿಮ್ ಇದ್ದರೆ ಎರಡಕ್ಕೂ ಹುಡುಕಾಟ. ನಗರದಲ್ಲಿ ಕ್ಷಣದಲ್ಲಿ ಮುಗಿಯುವ ಹಿನ್ನೆಲೆ ಕೆಲಸ ಗುಡ್ಡದ ಬುಡದಲ್ಲಿ ಎಳೆದಾಡಿ, ವಿಫಲವಾಗಿ, ಪುನಃ ಶುರುವಾಗುತ್ತದೆ. ನಿಮ್ಮ ಹವಾಮಾನದ ಆ್ಯಪ್ ನಾಲ್ಕು ಗಂಟೆ ಓಡಿದ್ದಕ್ಕೂ ಇದೇ ಕಾರಣವಿರಬಹುದು. ಅದಕ್ಕೆ ಸ್ಥಳದ ಅನುಮತಿ ಯಾವಾಗಲೂ ಎಂದು ಕೊಟ್ಟಿದ್ದೀರಾ ಎಂದೂ ನೋಡಿ. 2019ರ ಆಂಡ್ರಾಯ್ಡ್ 10ರಿಂದ ಬಳಸುವಾಗ ಮಾತ್ರ ಎಂಬ ಆಯ್ಕೆ ಇದೆ, ಮಳೆ ನೋಡಲು ಅಷ್ಟು ಧಾರಾಳವಾಗಿ ಸಾಕು.

ಸಮೀಕ್ಷೆಯ ಆ್ಯಪ್ ನೆಟ್‌ವರ್ಕ್ ಇಲ್ಲದೆಯೂ ಚಿತ್ರ ಉಳಿಸಿಕೊಳ್ಳುವುದಾದರೆ ಹೊಲದಲ್ಲಿ ಏರೋಪ್ಲೇನ್ ಮೋಡ್ ಹಚ್ಚಿಕೊಂಡೇ ಕೆಲಸ ಮಾಡಬಹುದು. ಜಿಪಿಎಸ್‌ಗೆ ಸಿಮ್ ಬೇಡ, ಫೋನು ಉಪಗ್ರಹದ ಸಂಕೇತವನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು ಏನನ್ನೂ ಕಳಿಸುವುದಿಲ್ಲ. ಒಂದೇ ತೊಡಕು ಇದೆ. ಇಂಟರ್‌ನೆಟ್ ಇದ್ದಾಗ ಉಪಗ್ರಹಗಳು ಎಲ್ಲಿವೆ ಎಂಬ ಮಾಹಿತಿ ಕ್ಷಣದಲ್ಲಿ ಸಿಗುತ್ತದೆ. ಇಲ್ಲವಾದರೆ ಅದನ್ನು ಉಪಗ್ರಹದಿಂದಲೇ, ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಕೇಳಿಸಿಕೊಳ್ಳಬೇಕು, ಅದಕ್ಕೆ ಅರ್ಧ ನಿಮಿಷವಾದರೂ ಬೇಕು, ಗಿಡಮರ ಅಡ್ಡವಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಊರಲ್ಲಿ ಸಿಗ್ನಲ್ ಇರುವಾಗಲೇ ನಕ್ಷೆ ತೆರೆದು ಜಿಪಿಎಸ್ ಕೂರಿಸಿಕೊಂಡು, ಆಮೇಲೆ ಏರೋಪ್ಲೇನ್ ಮೋಡ್ ಹಚ್ಚಿ ಹೊರಡಿ.

ಮಸಾರಿ ಹೊಲ (ಶಿರಹಟ್ಟಿ ತಾಲೂಕು) ಮತ್ತೆ ಬರೆದದ್ದು:

ಮೂರು ದಿನ ಪ್ರಯೋಗ ಮಾಡಿ ಬರೆಯುತ್ತಿದ್ದೇನೆ. ಸ್ಥಳದ ಅನುಮತಿ ಯಾವಾಗಲೂ ಎಂದೇ ಇತ್ತು, ಬದಲಿಸಿದೆ. ಬಳಸದ ಎರಡನೆಯ ಸಿಮ್ ಬಂದ್ ಮಾಡಿದೆ. ಏರೋಪ್ಲೇನ್ ಮೋಡ್ ಮಾತ್ರ ದಿನವಿಡೀ ಸಾಧ್ಯವಾಗುತ್ತಿಲ್ಲ, ಏಕೆಂದರೆ ಹೊಲದ ಮಾಲೀಕರು ಇದು ನಮ್ಮ ಬದು ಹೌದೋ ಅಲ್ಲವೋ ಎಂದು ತಿಳಿಸಲು ಫೋನ್ ಮಾಡುತ್ತಾರೆ, ಮನೆಯಲ್ಲಿ ಅವ್ವನಿಗೂ ಆರಾಮವಿಲ್ಲ. ಹಾಗಾಗಿ ಗುಡ್ಡಕ್ಕೆ ಹತ್ತಿದ ಹೊಲಗಳಲ್ಲಿ ಹಚ್ಚುತ್ತೇನೆ, ದಾರಿಗೆ ಬಂದಾಗ ಆರಿಸುತ್ತೇನೆ. ನಿನ್ನೆ 1 ಗಂಟೆಗೆ ಶೇ 52 ಇತ್ತು. ಪವರ್ ಬ್ಯಾಂಕ್ ಕೇಳದೆ ಊಟ ಮಾಡಿದ್ದನ್ನು ನೋಡಿ ಜೊತೆಗಾರನೇ ಫೋನ್ ಹೊಸದೇ ಎಂದು ಕೇಳಿದ.

ಆದರೆ ಇವತ್ತು ಬೆಳಿಗ್ಗೆ ಹೊಲದಲ್ಲಿ ನಿಂತು ಸಮೀಕ್ಷೆಯ ಆ್ಯಪ್ ತೆರೆದರೆ, ಹೊಸ ಆವೃತ್ತಿ ಬಂದಿದೆ, ಅದನ್ನು ಹಾಕಿಕೊಳ್ಳದೆ ಮುಂದೆ ಹೋಗಲಾಗದು ಎಂದಿತು. ಅಪ್‌ಡೇಟ್ ಬೇಡ ಎಂದು ಇಲ್ಲಿ ಬಂದವನು ನಾನು, ಅಪ್‌ಡೇಟ್‌ಗಾಗಿ ಮರಳಿ ಎರಡು ಕಿಲೋಮೀಟರ್ ನಡೆದು ಊರ ಮುಂದಿನ ಚಹಾದ ಅಂಗಡಿಯವರೆಗೆ ಬರಬೇಕಾಯಿತು. ಈಗ ಅದೊಂದನ್ನು ರಾತ್ರಿ ಮನೆಯ ವೈಫೈಯಲ್ಲಿ ತಾನಾಗಿ ಅಪ್‌ಡೇಟ್ ಆಗುವಂತೆ ಬಿಟ್ಟಿದ್ದೇನೆ.

ರಿಪೇರಿ ಮೇಜಿನ ಸರ್, ಹಂಗಾಮು ಮುಗಿದ ಮೇಲೆ ಬ್ಯಾಟರಿ ಬದಲಿಸಲು ಹುಬ್ಬಳ್ಳಿಗೆ ಬರುತ್ತೇನೆ.